ಎರಡನೇ ಬಟನ್: ಮಿಸ್ಡ್ ಕಾಲ್ ಹಾಕಿಸಿ ಕಣ್ಣಿನ ರೋಗಿಗಳನ್ನು ವಾಪಸ್ ಕರೆಸಿದ ನನ್ನ ಅನುಭವ

ಪಾವಗಡದ ಕಡೆ ನಮ್ಮದೊಂದು ಸಣ್ಣ ಟ್ರಸ್ಟ್. ಕಣ್ಣಿನ ಕ್ಯಾಂಪ್ ಮಾಡುತ್ತೇವೆ, ಪೊರೆ ಬಂದವರನ್ನು ಆಪರೇಷನ್‌ಗೆ ಕಳಿಸುತ್ತೇವೆ. ಜನ ಸೇರಿಸುವುದು ಕಷ್ಟವಲ್ಲ. ಆಪರೇಷನ್ ಆದ ತಿಂಗಳಿಗೆ ಅವರನ್ನು ವಾಪಸ್ ಕರೆಸುವುದಿದೆಯಲ್ಲ, ಅದು ಕಷ್ಟ. ಕನ್ನಡಕದ ನಂಬರ್ ನೋಡುವುದೇ ಆಗ. ಮೊದಲು 10 ಜನರಲ್ಲಿ 4 ಜನ ಬಂದರೆ ಹೆಚ್ಚು. ಈಗ 8 ಜನ ಬರುತ್ತಾರೆ. ಮಿಸ್ಡ್ ಕಾಲ್‌ನಿಂದ ಏನಾಗುತ್ತೆ ಬಿಡಿ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾಡಿಸಿದ್ದು ಆ್ಯಪ್. ದಾನಿಯೊಬ್ಬರು ಕೊಟ್ಟ ಹಣದಲ್ಲಿ ಸುಮಾರು 1.8 ಲಕ್ಷ ಅದಕ್ಕೇ ಹೋಯಿತು. ನಮ್ಮ ಅಜ್ಜಿಯರ ಕೈಯಲ್ಲಿ ಇರುವುದು ಬಟನ್ ಫೋನ್. ಆ್ಯಪ್ ಬಳಸಿದ್ದು ಆಫೀಸಿನ ನಾವು ಮೂವರೇ. ಆ ದುಡ್ಡಿಗೆ ಎಷ್ಟು ಕನ್ನಡಕ ಬರುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಎಸ್‌ಎಂಎಸ್. ಡಿಎಲ್‌ಟಿ ರಿಜಿಸ್ಟ್ರೇಷನ್ (ಗುಂಪಾಗಿ ಎಸ್‌ಎಂಎಸ್ ಕಳಿಸುವವರು ಟೆಲಿಕಾಂ ಕಂಪನಿಯಲ್ಲಿ ಮಾಡಿಸಬೇಕಾದ ನೋಂದಣಿ), ಟೆಂಪ್ಲೇಟ್ (ಮೊದಲೇ ಒಪ್ಪಿಗೆ ಪಡೆಯಬೇಕಾದ ಮೆಸೇಜಿನ ಮಾದರಿ) ಅಂತ ಎರಡು ತಿಂಗಳು ಓಡಾಟ. ಕನ್ನಡದ ಮೆಸೇಜ್ 70 ಅಕ್ಷರ ದಾಟಿದರೆ ಎರಡು ಮೆಸೇಜಿನ ದುಡ್ಡು. ಅದರಲ್ಲೂ ಒತ್ತು, ಗುಣಿತಕ್ಕೆಲ್ಲ ಬೇರೆ ಬೇರೆ ಎಣಿಕೆ, 'ಆಸ್ಪತ್ರೆ' ಅನ್ನೋ ಒಂದು ಪದಕ್ಕೇ 8 ಅಕ್ಷರ ಖರ್ಚು. ಇಷ್ಟೆಲ್ಲ ಮಾಡಿ, ಓದಲು ಬಾರದವರಿಗೆ ಅಕ್ಷರ ಕಳಿಸಿದ್ದೆವು. ತಪ್ಪು ನಮ್ಮದೇ.

ರೆಕಾರ್ಡ್ ಮಾಡಿದ ಕಾಲ್ ಶುರು ಮಾಡಿದಾಗ ಕಂಪನಿಯವರು ಕೊಟ್ಟಿದ್ದು 140ರಿಂದ ಶುರುವಾಗುವ, ಜಾಹೀರಾತು ಕಾಲ್‌ಗಳ ನಂಬರ್. ಅದನ್ನು ಯಾರು ಎತ್ತುತ್ತಾರೆ, ಅಲ್ವಾ? ಜೊತೆಗೆ ನಮ್ಮ ಲಿಸ್ಟಿನಲ್ಲಿದ್ದ ಅರ್ಧ ನಂಬರು ಬೆಂಗಳೂರಲ್ಲಿ ದುಡಿಯುವ ಮಗನದು. ಮಗ ಕೇಳಿಸಿಕೊಳ್ಳುತ್ತಿದ್ದ, ಊರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

ಆಗ ಉಲ್ಟಾ ಮಾಡಿದೆವು. ಅವರೇ ಮಿಸ್ಡ್ ಕಾಲ್ ಕೊಡಲಿ, ನಾವು ವಾಪಸ್ ಮಾಡೋಣ. ಡಿಸ್ಚಾರ್ಜ್ ದಿನ ವ್ಯಾನ್ ಹತ್ತುವ ಮುಂಚೆ ಒಬ್ಬೊಬ್ಬರ ಫೋನ್ ಇಸಿದುಕೊಂಡು, 2ನೇ ಬಟನ್ ಒತ್ತಿ ಹಿಡಿದರೆ ನಮ್ಮ ನಂಬರ್ ಹೋಗುವ ಹಾಗೆ ಸ್ಪೀಡ್ ಡಯಲ್ ಹಾಕಿದೆವು. ಅವರ ಬೆರಳಲ್ಲೇ ಒತ್ತಿಸಿ, ಕಟ್ ಆಗುವುದು, ವಾಪಸ್ ಕಾಲ್ ಬರುವುದು ಎರಡನ್ನೂ ತೋರಿಸಿದೆವು. ಒಬ್ಬರಿಗೆ ನಾಲ್ಕು ನಿಮಿಷ ಹಿಡಿಯುತ್ತದೆ. ಅವಸರದಲ್ಲಿ ಇದನ್ನು ಬಿಟ್ಟ ಎರಡು ಕ್ಯಾಂಪಲ್ಲಿ ಲೆಕ್ಕ ಮತ್ತೆ ಬಿದ್ದುಹೋಯಿತು. ವಾಪಸ್ ಬರುವ ಕಾಲ್‌ನಲ್ಲಿ ಕಣ್ಣು ನೋವು, ಕೆಂಪು ಇದ್ದರೆ 1, ತಾರೀಖು ಕೇಳಲು 2, ಅಷ್ಟೇ. ತಾರೀಖುಗಳನ್ನು ಕೋಬೋದಲ್ಲಿ (ಮೊಬೈಲಲ್ಲಿ ಫಾರ್ಮ್ ತುಂಬಿ ಮಾಹಿತಿ ಸೇರಿಸುವ ಸಾಫ್ಟ್‌ವೇರ್) ಹಾಕಿಟ್ಟಿರುತ್ತೇವೆ. ನೆಟ್‌ವರ್ಕ್ ಇಲ್ಲದ ಊರಲ್ಲೂ ಫಾರ್ಮ್ ತುಂಬಬಹುದು, ನಮ್ಮಂಥವರಿಗೆ ಅದು ದೊಡ್ಡ ಅನುಕೂಲ.

ದನಿಯ ಬಗ್ಗೆ ಹೇಳಲೇಬೇಕು. ಮೊದಲು ಬೆಂಗಳೂರಿನವರೊಬ್ಬರ ನಯವಾದ ದನಿ ಹಾಕಿಸಿದ್ದೆವು, ಅರ್ಧಕ್ಕೇ ಇಟ್ಟುಬಿಡುತ್ತಿದ್ದರು. ಈಗ ಮಾತಾಡುವುದು ನಾಗಲಮಡಿಕೆ ಕಡೆಯ ಅಜ್ಜಿ, ತಾನೇ ಆಪರೇಷನ್ ಮಾಡಿಸಿಕೊಂಡವರು. ಪಾವಗಡದ ಸುತ್ತ ಬಹುಪಾಲು ಆಂಧ್ರ, ಮನೆಯಲ್ಲಿ ತೆಲುಗು ಆಡುವವರು ಜಾಸ್ತಿ. ಅದಕ್ಕೆ ಅವರಿಂದಲೇ ಕನ್ನಡ, ತೆಲುಗು ಎರಡೂ ಹೇಳಿಸಿದೆವು. ಅವರ ಮೊದಲ ಮಾತು ಏನು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ಸಿಗಲು ನಮಗೆ ಆರು ತಿಂಗಳು ಹಿಡಿದಿದೆ.

ನಡುವೆ ವೈ.ಎನ್. ಹೊಸಕೋಟೆಯ ನೇಕಾರರಿಗೆ ವಾಟ್ಸಾಪ್ ಗ್ರೂಪ್ ಮಾಡಿ ನೋಡಿದೆ. ಗುಡ್ ಮಾರ್ನಿಂಗ್ ಫೋಟೋಗಳಲ್ಲಿ ನಮ್ಮ ತಾರೀಖು ಮುಚ್ಚಿಹೋಯಿತು. 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟಿದ್ದ ಲಿಸ್ಟನ್ನು, ಎಲ್ಲ ಫೋನ್, ಕಂಪ್ಯೂಟರಲ್ಲೂ ಓದಲು ಬರುವ ಯೂನಿಕೋಡ್‌ಗೆ ತಂದಿದ್ದು ಮಾತ್ರ ಸಾರ್ಥಕ. ಒಂದೇ ಅಜ್ಜನ ಹೆಸರು ಮೂರು ಸಲ ಇದ್ದದ್ದು ಆಗಲೇ ಗೊತ್ತಾಗಿದ್ದು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಬರುವುದು ಇನ್ನೂ ಜಾಸ್ತಿಯಾಯಿತು ನಿಜ. ಆದರೆ ಟಿಕೆಟ್ ಕೊಟ್ಟು ಬರುವ ಗಂಡಸರೂ ಹೆಚ್ಚಿದ್ದಾರೆ, ಅದು ನಮ್ಮ ಕಾಲ್‌ನಿಂದಲೇ. ಖರ್ಚು ತಿಂಗಳಿಗೆ ಎರಡೂವರೆ, ಮೂರು ಸಾವಿರ.

ಹೋದ ವರ್ಷ ಶೇಂಗಾ ಕೀಳುವ ಸಮಯ. ರಾತ್ರಿ ಹತ್ತರ ಹೊತ್ತಿಗೆ ಒಬ್ಬ ತಾತ 1 ಒತ್ತಿದರು. 1 ಒತ್ತಿದರೆ ನೇರ ನನ್ನ ಮೊಬೈಲಿಗೇ ಬರುತ್ತದೆ. ಆಪರೇಷನ್ ಆಗಿ ಐದನೇ ದಿನ, ಕಣ್ಣು ಕೆಂಪು, ನೋವು. "ಬೆಳಿಗ್ಗೆ ಹೊಲಕ್ಕೆ ಹೋಗಿ ಆಮೇಲೆ ಬರ್ಲಾ ಸಾರ್?" ಅಂದರು. ಬೇಡ ತಾತ, ಈಗಲೇ ಹೊರಡಿ ಅಂದು ವ್ಯಾನ್ ಕಳಿಸಿದೆ. ಇನ್ಫೆಕ್ಷನ್ ಆಗಿತ್ತು. ಕಣ್ಣು ಉಳಿಯಿತು.

ಈಗ ಬಿಪಿ, ಶುಗರ್‌ನವರಿಗೆ 3ನೇ ಬಟನ್ ಹಾಕುತ್ತಿದ್ದೇವೆ.