ಹುಣಸೆ ಬೀಜ ಹಿಡಿದು ಮರ್ಕೆಂಟಿಲಿಸಂ ಪಾಠ ಮಾಡುವುದು ಹೇಗೆ?

ಹೆಚ್ಚು ಮಾರಿ, ಕಡಿಮೆ ಕೊಂಡು, ವಸಾಹತುಗಳ ವ್ಯಾಪಾರವನ್ನು ತನ್ನ ಹಿಡಿತದಲ್ಲಿಟ್ಟು ಬೆಳ್ಳಿ-ಬಂಗಾರವನ್ನು ದೇಶದೊಳಗೆ ಕೂಡಿಡಬೇಕು ಅನ್ನುವ ಹಳೆಯ ಯೂರೋಪಿನ ಆರ್ಥಿಕ ನೀತಿಯೇ ಮರ್ಕೆಂಟಿಲಿಸಂ. ಇದನ್ನು ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸಬೇಡಿ. ಪರೀಕ್ಷೆ ಮುಗಿದ ಮಾರನೇ ದಿನ ಮರೆತಿರುತ್ತಾರೆ. ಕೋಲಾರದ ನಮ್ಮ ಹೈಸ್ಕೂಲಿನಲ್ಲಿ ನಾನು ಇದನ್ನು ಆಡಿಸಿ ಕಲಿಸುತ್ತೇನೆ. ಬೇಕಾಗುವುದು ಎರಡು ಹಿಡಿ ಹುಣಸೆ ಬೀಜ, ಒಂದಿಷ್ಟು ಚೀಟಿ.

ತರಗತಿಯನ್ನು ನಾಲ್ಕು ಗುಂಪು ಮಾಡಿ: ಲಂಡನ್, ವರ್ಜೀನಿಯಾ, ಜಮೈಕಾ, ಆಮ್‌ಸ್ಟರ್‌ಡ್ಯಾಮ್. ವರ್ಜೀನಿಯಾ, ಜಮೈಕಾ ಇಂಗ್ಲೆಂಡಿನ ವಸಾಹತುಗಳು; ಕೊನೆಯದು ಇಂಗ್ಲೆಂಡಿನ ಪೈಪೋಟಿಗಾರರಾದ ಡಚ್ಚರ ವ್ಯಾಪಾರದ ಊರು. ಬೀಜವೇ ಬೆಳ್ಳಿ ಹಣ, ಎಲ್ಲರಿಗೂ ಸಮನಾಗಿ ಹಂಚಿ. ವರ್ಜೀನಿಯಾಕ್ಕೆ ಹೊಗೆಸೊಪ್ಪಿನ ಚೀಟಿ, ಜಮೈಕಾಕ್ಕೆ ಸಕ್ಕರೆ ಚೀಟಿ, ಲಂಡನ್ನಿಗೆ ಬಟ್ಟೆ, ಟೋಪಿ, ಮೊಳೆ. ಲಂಡನ್ ಕೊಡುವುದಕ್ಕಿಂತ ಒಂದು ಬೀಜ ಜಾಸ್ತಿ ಕೊಡಿ ಅಂತ ಆಮ್‌ಸ್ಟರ್‌ಡ್ಯಾಮ್‌ನವರ ಕಿವಿಯಲ್ಲಿ ಹೇಳಿ. ಮೊದಲು ಯಾವ ನಿಯಮವೂ ಬೇಡ. ಗದ್ದಲ ಆಗುತ್ತದೆ, ಆಗಲಿ ಬಿಡಿ.

ಆಮೇಲೆ ಇಂಗ್ಲೆಂಡಿನ ಕಾಯ್ದೆಗಳನ್ನು ಒಂದೊಂದಾಗಿ ಓದಿ. 1651: ಅಮೆರಿಕ, ಏಷ್ಯಾ, ಆಫ್ರಿಕಾದ ಸರಕು ಇಂಗ್ಲಿಷರ ಹಡಗಿನಲ್ಲೇ ಬರಬೇಕು. 1660: ವಸಾಹತುಗಳ ಸಕ್ಕರೆ, ಹೊಗೆಸೊಪ್ಪು, ಹತ್ತಿ, ಬಟ್ಟೆಗೆ ಹಾಕುವ ನೀಲಿ ಬಣ್ಣ, ಇವು ಇಂಗ್ಲೆಂಡಿಗೆ ಇಲ್ಲವೇ ಅದರ ವಸಾಹತುಗಳಿಗೆ ಮಾತ್ರ ಹೋಗಬೇಕು. 1663: ವಸಾಹತಿನವರಿಗೆ ಯೂರೋಪಿನ ಮಾಲು ಬೇಕೆಂದರೂ ಬಹುಪಾಲು ಮೊದಲು ಇಂಗ್ಲೆಂಡಿನಲ್ಲಿ ಇಳಿದೇ ಬರಬೇಕು. ಇಷ್ಟು ಹೊತ್ತಿಗೆ ಆಮ್‌ಸ್ಟರ್‌ಡ್ಯಾಮ್ ಬೆಂಚು ಕೆಲಸವಿಲ್ಲದೆ ಕೂತಿರುತ್ತದೆ.

ಟೋಪಿಗೆ ಜಾಸ್ತಿ ಸಮಯ ಕೊಡಿ. ಅಮೆರಿಕದಲ್ಲಿ ಬೀವರ್ ಪ್ರಾಣಿಯ ತುಪ್ಪಳ ಬೇಕಾದಷ್ಟು ಸಿಗುತ್ತಿತ್ತು. ಅಲ್ಲಿನವರು ತಾವೇ ಟೋಪಿ ಮಾಡಿ ಮಾರತೊಡಗಿದರು. ಲಂಡನ್ನಿನ ಟೋಪಿಯವರು ಹೋಗಿ ದೂರಿಕೊಂಡರು. 1732ರಲ್ಲಿ ಕಾಯ್ದೆ ಬಂತು: ಒಂದು ವಸಾಹತಿನ ಟೋಪಿ ಪಕ್ಕದ ವಸಾಹತಿಗೂ ಹೋಗಬಾರದು, ಒಬ್ಬ ಕಸುಬುದಾರನ ಹತ್ತಿರ ಇಬ್ಬರಿಗಿಂತ ಹೆಚ್ಚು ಹುಡುಗರು ಕೆಲಸ ಕಲಿಯಬಾರದು! ಸಾಲ ಕೊಟ್ಟ ಮಂಡಿಗೇ ಟೊಮೆಟೊ ಹಾಕಬೇಕು ಅನ್ನುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ನೀವು ಸಾಸ್ ಮಾಡುವ ಹಾಗಿಲ್ಲ, ಅದನ್ನೂ ಮಂಡಿಯವರಿಂದಲೇ ಕೊಳ್ಳಬೇಕು ಅಂದರೆ ಏನು ಮಾಡುತ್ತೀರಿ ಅಂತ ಕೇಳಿ ನೋಡಿ. 1750ರ ಕಬ್ಬಿಣದ ಕಾಯ್ದೆ ಆಮೇಲೆ ತಾನಾಗೇ ಅರ್ಥವಾಗುತ್ತದೆ: ಕಚ್ಚಾ ಕಬ್ಬಿಣ ಕಳಿಸಬಹುದು, ಮೊಳೆಗೆ ಸರಳು ಸೀಳುವ ಹೊಸ ಗಿರಣಿ ಕಟ್ಟುವಂತಿಲ್ಲ.

ಯಾರಾದರೂ ಬೆಂಚಿನ ಕೆಳಗಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಚೀಟಿ ದಾಟಿಸಿದರೆ ಬೈಯಬೇಡಿ. ಕಳ್ಳಸಾಗಣೆ ನಿಜವಾಗಿಯೂ ಹಾಗೇ ನಡೆಯಿತು. ಆದರೆ ಒಂದು ಮಾತು ಮರೆಯದೆ ಹೇಳಿ: ಕಬ್ಬಿನ ಗದ್ದೆಯಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಈ ಆಟದಲ್ಲಿ ಅವರಿಗೆ ಬೆಂಚೂ ಇಲ್ಲ, ಬೀಜವೂ ಇಲ್ಲ.

ಕೊನೆಗೆ ಬೀಜ ಎಣಿಸಿ. ಲಂಡನ್ ಬೆಂಚಿನ ಮೇಲೆ ರಾಶಿ ಬಿದ್ದಿರುತ್ತದೆ. ವರ್ಜೀನಿಯಾಕ್ಕೆ ಏನೂ ಸಿಗಲಿಲ್ಲವಾ ಅಂತ ಕೇಳುವ ಮಗು ಇದ್ದರೆ ನಿಮ್ಮ ಪುಣ್ಯ. ಸಿಕ್ಕಿತು, ಇಂಗ್ಲೆಂಡಿನ ಮಾರುಕಟ್ಟೆ: ಇಂಗ್ಲೆಂಡಿನವರು ತಮ್ಮ ನೆಲದಲ್ಲಿ ಹೊಗೆಸೊಪ್ಪು ಬೆಳೆಯುವುದನ್ನೇ ನಿಷೇಧಿಸಿದ್ದರು.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಸಾರ್, ಕೆಜಿಎಫ್ ಚಿನ್ನ ಹೋಗಿದ್ದೂ ಇದೇ ಅಲ್ವಾ? ಹೌದು ಅಂದುಬಿಡುವುದು ಸುಲಭ, ಅನ್ನಬೇಡಿ. ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ಕೆಲಸಕ್ಕೆ ಇಳಿದದ್ದು 1880ರ ಸುಮಾರಿಗೆ. ಹಡಗಿನ ಆ ಕಾಯ್ದೆಗಳು 1849ರಲ್ಲೇ ರದ್ದಾಗಿದ್ದವು. ಕೆಜಿಎಫ್‌ನದು ಷೇರುದಾರರ ಲಾಭದ ಕಥೆ, ಅದಕ್ಕೆ ಬೇರೆ ಪೀರಿಯಡ್ ಇಟ್ಟುಕೊಳ್ಳಿ.