ದೂರದ ಛತ್ರದಲ್ಲಿ ಊರಿನ ಮದುವೆ: ಏನು ಹೊತ್ತು ತರಬೇಕು, ಏನು ಅಲ್ಲೇ ಮಾಡಿಸಬೇಕು

ಮನೆತನ ಶಿರಸಿಯದೋ ಬಾಗಲಕೋಟೆಯದೋ ಆಗಿರುತ್ತದೆ, ಮದುವೆ ಮಾತ್ರ ಬೆಂಗಳೂರಿನ ಛತ್ರದಲ್ಲಿ. ಊರಿನ ಸೊಗಡು ಬರಲಿ ಎಂದು ಹೆಚ್ಚಿನವರು ಮೊದಲು ಕೈ ಹಾಕುವುದು ಅಲಂಕಾರಕ್ಕೆ: ಥರ್ಮಾಕೋಲಿನ ಎತ್ತಿನ ಗಾಡಿ, ಬಾಡಿಗೆಯ ಬೀಸುವ ಕಲ್ಲು, ಫ್ಲೆಕ್ಸಿನಲ್ಲಿ ಅಚ್ಚಾದ ಹೆಂಚಿನ ಮನೆ. ಅವು ಯಾವ ಊರಿನವೂ ಅಲ್ಲ. ಊರು ಗುರುತು ಸಿಗುವುದು ನಾಲಿಗೆಗೆ, ಮೂಗಿಗೆ, ಕಿವಿಗೆ. ಹಾಗಾಗಿ ಮೂರು ನಾಲ್ಕು ಸಂಗತಿಗಳನ್ನಷ್ಟೇ ಆರಿಸಿಕೊಳ್ಳಿ, ಅವನ್ನು ಕುಂದಿಲ್ಲದೆ ಮಾಡಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಒಂದು ರಾತ್ರಿಯ ಬಸ್ ಪ್ರಯಾಣವನ್ನು ತಡೆದುಕೊಳ್ಳುತ್ತದೆಯೇ? ತಡೆದರೆ ಊರಿನಿಂದ ತರಿಸಿ. ತಡೆಯದಿದ್ದರೆ ಅದನ್ನು ಮಾಡುವ ಕೈಗಳನ್ನೇ ಕರೆತನ್ನಿ.

ಛತ್ರಕ್ಕೆ ಮುಂಗಡ ಕೊಡುವ ಮೊದಲು

ಎಷ್ಟೋ ಛತ್ರಗಳಲ್ಲಿ ಅಡುಗೆಯ ಗುತ್ತಿಗೆ ಮೊದಲೇ ಒಬ್ಬರಿಗೆ ಹೋಗಿರುತ್ತದೆ. ಹೊರಗಿನ ಅಡುಗೆಯವರಿಗೆ ಒಂದೆರಡು ಒಲೆ ಬಿಟ್ಟುಕೊಡುತ್ತಾರೆಯೇ, ಹಿಂದಿನ ರಾತ್ರಿಯೇ ಅಡುಗೆಮನೆ ತೆರೆಯುತ್ತಾರೆಯೇ, ಮರುದಿನ ಬೀಗರೂಟ ಇದ್ದರೆ ಮಾಂಸಾಹಾರಕ್ಕೆ ಒಪ್ಪಿಗೆ ಇದೆಯೇ, ಅಂಗಳದಲ್ಲಿ ಡೊಳ್ಳು ಬಾರಿಸಬಹುದೇ ಎಂದು ಕೇಳಿ, ಒಪ್ಪಿದ್ದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮದುವೆಯ ದಿನ ಇನ್ನೊಬ್ಬ ಮ್ಯಾನೇಜರನ ಮುಂದೆ ನಿಲ್ಲುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಮೆರವಣಿಗೆಯ ಹೊತ್ತನ್ನು ಇದನ್ನು ನೋಡಿಕೊಂಡೇ ಇಡಿ. ಪ್ಲಾಸ್ಟಿಕ್ ತೋರಣ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಇವೆಲ್ಲ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿವೆ. ಬಾಳೆಕಂದು, ಮಾವಿನ ಸೊಪ್ಪು, ತೆಂಗಿನ ಗರಿ, ಅಡಿಕೆಯ ಸಿಂಗಾರ (ಹೂಗೊಂಚಲು) ಇದ್ದರೆ ಅವುಗಳ ಅಗತ್ಯವೂ ಬೀಳುವುದಿಲ್ಲ.

ಊಟ

ಇಡೀ ಎಲೆಯನ್ನು ಊರಿನ ಪದಾರ್ಥಗಳಿಂದಲೇ ತುಂಬಿಸುವ ಆಸೆ ಬೇಡ. ಅಡುಗೆ ತಂಡಕ್ಕೆ ಗೊತ್ತಿಲ್ಲದ ಹತ್ತು ಬಗೆ ಹೇಳಿದರೆ ಹತ್ತೂ ಅರೆಬರೆಯಾಗುತ್ತವೆ. ಒಂದು ಸಿಹಿ, ಒಂದು ಮೇಲೋಗರ, ನೆಂಚಿಕೊಳ್ಳಲು ಒಂದು. ಉಳಿದದ್ದು ಅವರ ಕೈಗೆ ಕೂತ ಅಡುಗೆಯೇ ಇರಲಿ.

ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಎಣಗಾಯಿ ಬಿಟ್ಟರೆ ಎಲೆ ಬಿಕೋ ಎನ್ನುತ್ತದೆ. ಇಲ್ಲಿ ಎಲ್ಲರೂ ಎಡವುವುದು ಬಿಸಿರೊಟ್ಟಿಯ ಲೆಕ್ಕದಲ್ಲಿ. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ನೀರಿನ ಬಲದಲ್ಲಿ ಹಿಟ್ಟು ಒಂದಾಗಿ ನಿಲ್ಲುತ್ತದೆ, ಆರಿದ ಮೇಲೆ ರೊಟ್ಟಿ ಬಿರಿದು ತೊಗಲಿನಂತಾಗುತ್ತದೆ. ಬೆಳಗ್ಗೆ ಬಡಿದು ಪೇರಿಸಿಟ್ಟ ರೊಟ್ಟಿ ಮಧ್ಯಾಹ್ನದ ಪಂಕ್ತಿಗೆ ಆಗುವುದಿಲ್ಲ. ಕೈ ಪಳಗಿದವರು ಒಂದು ಹಂಚಿನ ಮೇಲೆ ಗಂಟೆಗೆ 30ರಿಂದ 40 ರೊಟ್ಟಿ ಬಡಿದು ಬೇಯಿಸುತ್ತಾರೆ. 300 ಜನಕ್ಕೆ ತಲೆಗೊಂದರಂತೆ ಎರಡು ಗಂಟೆಯಲ್ಲಿ ಬಡಿಸಬೇಕಾದರೆ ನಾಲ್ಕೈದು ಹಂಚು, ಅಷ್ಟೇ ಜನ ಬೇಕು. ಅಷ್ಟು ಕೈ ಸಿಗದಿದ್ದರೆ ಬಿಸಿರೊಟ್ಟಿಯ ಹಟ ಬಿಟ್ಟು ಊರಿನಿಂದ ಕಡಕ್ ರೊಟ್ಟಿ ತರಿಸಿ. ಪೂರ್ತಿ ಒಣಗಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿ ನಿಲ್ಲಿಸಿ ಜೋಡಿಸಿದರೆ ದಾರಿಯಲ್ಲಿ ಪುಡಿಯಾಗುವುದು ಕಡಿಮೆ.

ಎಣಗಾಯಿಗೆ 40 ಗ್ರಾಂ ಆಸುಪಾಸಿನ ಎಳೆ ಬದನೆ ಆರಿಸಿ. ಕೆಜಿಗೆ 25 ಬರುತ್ತವೆ. ತಲೆಗೆರಡರಂತೆ 300 ಜನಕ್ಕೆ 24 ಕೆಜಿ, ಹುಳುಕು ತೆಗೆಯಲು ಇನ್ನೆರಡು ಕೆಜಿ ಸೇರಿಸಿ. ಸೀಳಿದ ತಕ್ಷಣ ಉಪ್ಪುನೀರಿಗೆ ಹಾಕದಿದ್ದರೆ ಕಪ್ಪಾಗುತ್ತವೆ. ತುಂಬುವ ಮಸಾಲೆಗೆ ಹುರಿದ ಶೇಂಗಾ, ಗುರೆಳ್ಳು, ಎಳ್ಳು, ಹುಣಸೆ, ಬೆಲ್ಲ. ಬೇರೆ ಕಡೆಯ ಅಡುಗೆಯವರು ಗುರೆಳ್ಳಿನ ಬದಲು ಕೊಬ್ಬರಿ ಹೆಚ್ಚಿಸಿಬಿಡುತ್ತಾರೆ. ಆಗ ಅದು ಬದನೆಕಾಯಿ ಪಲ್ಯವಾಗುತ್ತದೆ, ಎಣಗಾಯಿ ಆಗುವುದಿಲ್ಲ. ಗುರೆಳ್ಳನ್ನು ನೀವೇ ತಂದುಕೊಡಿ.

ಹೋಳಿಗೆಯಲ್ಲೂ ಸೀಮೆಯ ಗುರುತಿದೆ. ಧಾರವಾಡದ ಕಡೆ ಹೂರಣಕ್ಕೆ ಕಡಲೆಬೇಳೆ, ಮೈಸೂರು ಸೀಮೆಯ ಒಬ್ಬಟ್ಟಿಗೆ ಸಾಮಾನ್ಯವಾಗಿ ತೊಗರಿಬೇಳೆ. ಅಡುಗೆಯವರಿಗೆ ಬರೀ ‘ಹೋಳಿಗೆ’ ಎಂದರೆ ಅವರಿಗೆ ರೂಢಿಯಾದದ್ದೇ ಬರುತ್ತದೆ, ಬೇಳೆಯ ಹೆಸರು ಹೇಳಿ. ಒಂದು ಕೆಜಿ ಬೇಳೆ, ಒಂದು ಕೆಜಿ ಬೆಲ್ಲ, ಕಣಕಕ್ಕೆ ಮುಕ್ಕಾಲು ಕೆಜಿ ಹಿಟ್ಟು: ಇಷ್ಟಕ್ಕೆ ಮಧ್ಯಮ ಗಾತ್ರದ ಸುಮಾರು 40 ಹೋಳಿಗೆ. 300 ಜನರಿಗೆ 400 ಎಂದಿಟ್ಟುಕೊಂಡರೆ 10 ಕೆಜಿ ಬೇಳೆ. ಹೂರಣ ಹಿಂದಿನ ರಾತ್ರಿ ರುಬ್ಬಿಡುವುದಾದರೆ ನೀರಿನಂಶ ಪೂರ್ತಿ ಆರುವವರೆಗೆ ಕೆದಕಿ, ಅಗಲವಾದ ತಟ್ಟೆಯಲ್ಲಿ ಹರಡಿ ತಣಿಸಿ, ಆಮೇಲೆ ಮುಚ್ಚಿ. ಬಿಸಿಯಲ್ಲೇ ಮುಚ್ಚಿದರೆ ಹಬೆ ನೀರಾಗಿ ಇಳಿದು ಬೆಳಗಿನ ಹೊತ್ತಿಗೆ ಹುಳಿ ವಾಸನೆ ಹತ್ತುತ್ತದೆ. ಬೇಸಿಗೆಯಲ್ಲಂತೂ ಖಂಡಿತ.

ಮಲೆನಾಡಿನವರಿಗೆ ಕೆಲಸ ಹಗುರ, ಏಕೆಂದರೆ ತಂಬುಳಿಯನ್ನು ಅಳತೆ ಬರೆದುಕೊಟ್ಟರೆ ಯಾವ ಅಡುಗೆಯವರೂ ಮಾಡಬಲ್ಲರು. 10 ಲೀಟರ್ ಒಂದೆಲಗದ ತಂಬುಳಿಗೆ ಅರ್ಧ ಕೆಜಿ ಸೊಪ್ಪು, ನಾಲ್ಕೈದು ತೆಂಗಿನಕಾಯಿಯ ತುರಿ, 40 ಗ್ರಾಂ ಜೀರಿಗೆ, 20 ಗ್ರಾಂ ಕಾಳುಮೆಣಸು, ನಾಲ್ಕು ಲೀಟರ್ ಹುಳಿಯಿಲ್ಲದ ಮೊಸರು, ಉಳಿದದ್ದು ನೀರು. ಜೀರಿಗೆ, ಮೆಣಸು, ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ ಕಾಯಿಯ ಜೊತೆ ನುಣ್ಣಗೆ ರುಬ್ಬಿ ತಂಪಾದ ಜಾಗದಲ್ಲಿಡಿ. ಪಂಕ್ತಿ ಕೂರುವ ಅರ್ಧ ಗಂಟೆ ಮೊದಲಷ್ಟೇ ಮೊಸರು, ನೀರು, ಉಪ್ಪು ಬೆರೆಸಿ. ಮೊದಲೇ ಬೆರೆಸಿಟ್ಟರೆ ಅಡುಗೆಮನೆಯ ಕಾವಿಗೆ ಹುಳಿಯಾಗಿ ಸೊಪ್ಪಿನ ಪರಿಮಳ ಹೋಗುತ್ತದೆ. ತಲೆಗೆ 75 ಮಿಲಿಯಂತೆ 300 ಜನಕ್ಕೆ 22 ಲೀಟರ್ ಸುಮಾರು. ಜೊತೆಗೆ ಎಲೆಯ ತುದಿಗೊಂದು ಅಪ್ಪೆಮಿಡಿ ಉಪ್ಪಿನಕಾಯಿ ಬಿದ್ದರೆ ಮಲೆನಾಡು ಬಂದಂತೆಯೇ. ಕಾಗದದಷ್ಟು ತೆಳ್ಳಗಿನ ಗರಿಗರಿ ಸಿಹಿ ತೊಡದೇವು ತರಿಸುವುದಾದರೆ ಗಾಳಿಯಾಡದ ಡಬ್ಬಿ ಕಡ್ಡಾಯ. ತೇವ ತಗುಲಿದರೆ ಮೆತ್ತಗಾಗಿ ಹರಿಯುತ್ತದೆ.

ಕರಾವಳಿಯವರು ಮಳೆಗಾಲದ ಮದುವೆಗೆ ಉಡುಪಿ ಕಡೆಯ ಬದನೆ ಮಟ್ಟುಗುಳ್ಳವನ್ನು ನಂಬಿ ಕೂರಬೇಡಿ, ಅದು ಮಳೆ ಕಳೆದ ಮೇಲಿನ ಬೆಳೆ. ಮಂಡ್ಯ, ಮೈಸೂರು ಕಡೆಯ ಬೀಗರೂಟಕ್ಕೆ ಮುದ್ದೆ ಕಟ್ಟುವವರು ಕೊನೆಯವರೆಗೂ ಒಲೆಯ ಬಳಿಯೇ ಇರಬೇಕು. ಒಂದು ಕೆಜಿ ರಾಗಿಹಿಟ್ಟಿಗೆ ಎರಡು ಲೀಟರ್ ನೀರು, ಕಾಲು ಕೆಜಿ ತೂಗುವ ಹನ್ನೊಂದು ಹನ್ನೆರಡು ಮುದ್ದೆ. ಕಟ್ಟಿ ಇಪ್ಪತ್ತು ನಿಮಿಷದೊಳಗೆ ಬಡಿಸಿ. ಆಮೇಲೆ ಮೇಲ್ಮೈ ಒಣಗಿ ಚಕ್ಕೆಗಟ್ಟುತ್ತದೆ.

ಹೂವು

ಮೈಸೂರು, ಉಡುಪಿ, ಹಡಗಲಿ ಮೂರೂ ಕಡೆಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಮೂರರ ಪರಿಮಳವೂ ಬೇರೆ. ಉಡುಪಿ ಮಲ್ಲಿಗೆ ಬಾಳೆನಾರಿನಲ್ಲಿ ಕಟ್ಟಿ ಬರುತ್ತದೆ, ಲೆಕ್ಕ ಚೆಂಡು ಮತ್ತು ಅಟ್ಟೆಯಲ್ಲಿ: ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಾರು, ಮೊಳದ ಲೆಕ್ಕದಲ್ಲಿ ಹೇಳಿದರೆ ಹೆಚ್ಚುಕಡಿಮೆಯಾಗುತ್ತದೆ. ಮೊಗ್ಗನ್ನು ಬೆಳಗ್ಗೆ ಕೀಳುತ್ತಾರೆ, ಅದು ಅದೇ ರಾತ್ರಿ ಅರಳಲು ಹೊರಡುತ್ತದೆ. ಮುಹೂರ್ತ ಮರುದಿನ ಬೆಳಗ್ಗೆಯಾದರೆ ದಾರಿಯಲ್ಲೇ ಅರಳಿ ಬಾಡದಂತೆ ತಂಪು ಬೇಕು. ಒದ್ದೆ ಬಾಳೆಲೆಯಲ್ಲಿ ಸುತ್ತಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ, ತಳದಲ್ಲಿ ಮಂಜುಗಡ್ಡೆ, ನಡುವೆ ದಪ್ಪ ಕಾಗದ. ಮಂಜುಗಡ್ಡೆ ನೇರವಾಗಿ ತಾಗಿದರೆ ಎಸಳು ಕಂದುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಬೆವೆತು ಕೊಳೆಯುತ್ತದೆ.

ಹಸೆ

ಸಾಗರ, ಸೊರಬದ ಸುತ್ತಲಿನ ದೀವರ ಸಮುದಾಯದ ಮನೆಗಳಲ್ಲಿ ಮದುಮಕ್ಕಳನ್ನು ಕೂರಿಸುವುದು ಹಸೆ ಚಿತ್ತಾರದ ಗೋಡೆಯ ಮುಂದೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಛತ್ರದ ಗೋಡೆಗೆ ಮಣ್ಣು ಬಳಿಯಲು ಬಿಡುವುದಿಲ್ಲವಾದ್ದರಿಂದ ಆರಡಿ–ನಾಲ್ಕಡಿಯ ಪ್ಲೈವುಡ್ ಹಲಗೆಯ ಮೇಲೆ ಬರೆಸಿ. ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ ತೆಳುವಾಗಿ ಎರಡು ಸಲ ಬಳಿಯಿರಿ. ಒಮ್ಮೆಗೇ ದಪ್ಪ ಬಳಿದರೆ ಒಣಗಿ ಬಿರುಕು ಬಿಟ್ಟು ಸಾಗಾಟದಲ್ಲಿ ಉದುರುತ್ತದೆ. ಕಾಲು ಕೆಜಿ ಅಕ್ಕಿ ರಾತ್ರಿ ನೆನೆಸಿ ಗಂಧದಂತೆ ನುಣ್ಣಗೆ ರುಬ್ಬಿ, ಅದೇ ದಿನ ಬಳಸಿ ಮುಗಿಸಿ. ನಿಂತರೆ ಹುಳಿತು ಗುಳ್ಳೆ ಏಳುತ್ತದೆ.

ಚಿತ್ರವನ್ನು ಜಾಲತಾಣದಿಂದ ಇಳಿಸಿ ಅಚ್ಚು ಹಾಕಿಸಬೇಡಿ. ಈ ಕಲೆ ಉಳಿದಿರುವುದು ಆ ಹೆಂಗಸರ ಕೈಯಲ್ಲಿ. ಅವರನ್ನೇ ಕರೆಸಿ, ಎರಡು ದಿನದ ಕೂಲಿಯಲ್ಲ, ಕಲೆಯ ಬೆಲೆ ಕೊಡಿ, ಹಲಗೆಯ ಮೂಲೆಯಲ್ಲಿ ಅವರ ಹೆಸರು ಇರಲಿ. ತುಳುನಾಡಿನವರಿಗೂ ಒಂದು ಮಾತು: ಸ್ವಾಗತಕ್ಕೆಂದು ದೈವದ ವೇಷ ಕಟ್ಟಿಸುವುದು ಬೇಡವೇ ಬೇಡ, ಅದು ಆರಾಧನೆ. ವೇಷ ಬೇಕೆಂದರೆ ಯಕ್ಷಗಾನದ ಮುಕ್ಕಾಲು ಗಂಟೆಯ ಒಂದು ಪ್ರಸಂಗ ಆಡಿಸಿ, ಚೆಂಡೆಯ ಮೊದಲ ಪೆಟ್ಟಿಗೇ ಜನ ಕುರ್ಚಿ ತಿರುಗಿಸಿಕೊಳ್ಳುತ್ತಾರೆ.

ಬಟ್ಟೆ, ತಾಂಬೂಲ, ಲಗ್ನಪತ್ರಿಕೆ

ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಬೇರೆ ಹಾಸು, ಅಂದರೆ ಉದ್ದದ ಎಳೆಗಳು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಬೇಕಾದ ಬಣ್ಣದಲ್ಲಿ ಹತ್ತು ಸೀರೆ ವಾರದಲ್ಲಿ ನೇಯ್ದುಕೊಡಿ ಎಂದರೆ ಆಗದು. ಮೂರು ತಿಂಗಳು ಮೊದಲೇ ಹೇಳಿ. ತಾಂಬೂಲದ ಜೊತೆ ಕೊಡುವ ಕುಪ್ಪಸದ ಬಟ್ಟೆಗೆ ಗುಳೇದಗುಡ್ಡದ ಖಣ ಚೆನ್ನ. ಸಿಹಿ ಇಡುವುದಾದರೆ ಬಾಳಿಕೆ ನೋಡಿ: ಗೋಕಾಕ, ಅಮೀನಗಡದ ಕರದಂಟು ಬಹಳ ದಿನ ಇರುತ್ತದೆ, ಧಾರವಾಡ ಫೇಡೆ ಕೆಲವು ದಿನ, ಬೆಳಗಾವಿಯ ಕುಂದಾ ಅದಕ್ಕಿಂತ ಕಡಿಮೆ. ಕುಂದಾವನ್ನು ಎಲೆಗೆ ಬಡಿಸಿಬಿಡುವುದೇ ಸರಿ.

ಲಗ್ನಪತ್ರಿಕೆಯಲ್ಲಿ ಮುಹೂರ್ತ, ವಿಳಾಸ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ, ಕರೆಯುವ ನಾಲ್ಕು ಸಾಲು ಮಾತ್ರ ಊರಿನ ಮಾತಿನಲ್ಲಿ. ಬರೆದ ಮೇಲೆ ಮನೆಯ ಹಿರಿಯರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಕಡೆ ಆ ಮಾತು ಊರಿನದಲ್ಲ. ಅಚ್ಚಿಗೆ ಕೊಡುವಾಗ ಇನ್ನೊಂದು ಎಚ್ಚರ: ನೀವು ಫೋನಿನಲ್ಲಿ ಬರೆದದ್ದು ಯೂನಿಕೋಡ್, ಅನೇಕ ಪ್ರೆಸ್ಸುಗಳು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕೆಲಸ ಮಾಡುತ್ತವೆ. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಒಡೆಯುತ್ತವೆ. ಅಚ್ಚಾದ ಒಂದು ಕರಡು ಕಾಗದ ಕೈಗೆ ಬಂದ ಮೇಲೆಯೇ ಒಪ್ಪಿಗೆ ಕೊಡಿ.

ಹಾಡು, ಒಡಪು

ಡೊಳ್ಳಿನ ತಂಡ ಹತ್ತು ಹನ್ನೆರಡು ಜನರದಾದರೆ ಕನಿಷ್ಠ 20 ಅಡಿ ಉದ್ದಗಲದ ಬಯಲು ಬೇಕು. ಸಭಾಂಗಣದೊಳಗೆ ಬಾರಿಸಿದರೆ ಸದ್ದು ಗೋಡೆಗೆ ಬಡಿದು ಗದ್ದಲವಷ್ಟೇ ಉಳಿಯುತ್ತದೆ. ಮದುಮಗನನ್ನು ಎದುರುಗೊಳ್ಳುವಾಗ ಬಾಗಿಲ ಹೊರಗೆ ಇಪ್ಪತ್ತು ನಿಮಿಷ ಸಾಕು.

ಸೋಬಾನೆಗೆ ಹೆಚ್ಚು ಸಿದ್ಧತೆ ಬೇಕು, ಸಿಗುವ ಸುಖವೂ ಹೆಚ್ಚು. ಅರಿಶಿನ ಹಚ್ಚುವಾಗ ಒಂದು, ಆರತಿಗೆ ಒಂದು, ಬೀಗರನ್ನು ಕೆಣಕಲು ಒಂದು, ಹೆಣ್ಣೊಪ್ಪಿಸುವಾಗ ಒಂದು, ಹೀಗೆ ಹಾಡಿಗೂ ಶಾಸ್ತ್ರಕ್ಕೂ ನಂಟಿದೆ. ಎರಡು ತಿಂಗಳು ಮೊದಲೇ ಊರಿಗೆ ಹೋಗಿ ಹಾಡುವ ಅಜ್ಜಿ, ಅತ್ತೆಯರ ದನಿಯನ್ನು ಫೋನಿನಲ್ಲಿ ಹಿಡಿದುಕೊಳ್ಳಿ. ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಹತ್ತು ಪ್ರತಿ ಮಾಡಿ ಮನೆಯ ಹುಡುಗಿಯರಿಗೆ ಹಂಚಿ. ಮುಂದಾಗಿ ಹಾಡುವವರು ಇಬ್ಬರು, ಸೊಲ್ಲು ಎತ್ತುವವರು ಐದಾರು ಜನ, ಅವರಿಗೆ ಎರಡು ಮೈಕು. ಹಾಡು ಕೆಡುವುದು ಹಾಡುವವರಿಂದಲ್ಲ. ಅದೇ ಹೊತ್ತಿಗೆ ವಾಲಗ ಊದುತ್ತಿರುತ್ತದೆ, ಫೋಟೊದವರು ಅಜ್ಜಿಯರನ್ನು ಪಕ್ಕಕ್ಕೆ ಸರಿಸುತ್ತಾರೆ. ಯಾವ ಶಾಸ್ತ್ರಕ್ಕೆ ವಾದ್ಯ, ಯಾವುದಕ್ಕೆ ಹಾಡು ಎಂಬ ಚೀಟಿಯನ್ನು ವಾಲಗದವರಿಗೂ ಫೋಟೊದವರಿಗೂ ಪುರೋಹಿತರಿಗೂ ಹಿಂದಿನ ದಿನವೇ ಕೊಡಿ.

ಎರಡು ಮನೆಗಳ ಸೀಮೆ ಬೇರೆಯಾದರೆ ಎಲ್ಲದರಲ್ಲೂ ಅರ್ಧರ್ಧ ಬೆರೆಸಬೇಡಿ. ಅರಿಶಿನದ ದಿನ ಹೆಣ್ಣಿನ ಊರಿನದು, ಬೀಗರೂಟ ಗಂಡಿನ ಊರಿನದು ಎಂದು ಹೊತ್ತು ಹಂಚಿಕೊಳ್ಳಿ.

ಕೊನೆಗೆ ಮನೆ ತುಂಬಿಸಿಕೊಳ್ಳುವಾಗಿನ ಒಡಪು. ಗಂಡಿನ ಅಕ್ಕತಂಗಿಯರು ಹೊಸಿಲಿಗೆ ಅಡ್ಡ ನಿಂತು ಹೆಸರು ಹೇಳಿಸುವಾಗ ಹುಡುಗಿ ಯಾರೋ ಬರೆದ ಹಳೆಯ ಸಾಲನ್ನು ಒಪ್ಪಿಸುವುದಕ್ಕಿಂತ ತನ್ನದೇ ಒಂದನ್ನು ಕಟ್ಟಲಿ. ಎರಡೇ ಸಾಲು. ಮೊದಲ ಸಾಲಿನಲ್ಲಿ ತವರಿನ ಹೊಳೆಯೋ ಬೆಳೆಯೋ ಸಂತೆಯೋ, ಎರಡನೆಯದರಲ್ಲಿ ಗಂಡನ ಹೆಸರು, ಕೊನೆಗೆ ಪ್ರಾಸ. ಮಲಪ್ರಭೆಯ ದಂಡೆಯ ಹುಡುಗಿಯಾದರೆ ಹೀಗೆ, ಖಾಲಿ ಜಾಗಕ್ಕೆ ಅವನ ಹೆಸರು:

ಮಲಪ್ರಭಾ ದಂಡಿಗೆ ಬಿಳಿಜೋಳದ ಹೊಲ,
……… ಅವರ ಹೆಸರ ಹೇಳೀನಿ, ಬಾಗಿಲಾ ಬಿಡ್ರಿ ಎಲ್ಲ.