ನಾಡಗೀತೆ: ಎರಡೂವರೆ ನಿಮಿಷ, ಆರುನೂರು ಕಂಠ, ಟ್ರ್ಯಾಕ್ ಇಲ್ಲ

ಟ್ರ್ಯಾಕ್ ಇಲ್ಲದೆ ಮೈದಾನದಲ್ಲಿ ನಾಡಗೀತೆಯನ್ನು ಎರಡೂವರೆ ನಿಮಿಷಕ್ಕೆ ಹಾಡಿಸಲು ಆಗುತ್ತದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಆಗುತ್ತದೆ. ಏಳೆಂಟು ಶಾಲೆಗಳ ಆರುನೂರರ ಆಸುಪಾಸು ಮಕ್ಕಳು, ಬಯಲು ಮೈದಾನ, ಕರೋಕೆ ಟ್ರ್ಯಾಕ್ (ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ) ಇಲ್ಲ, ಕೀಬೋರ್ಡ್ ಇಲ್ಲ. ತಂಬೂರಿ ಮತ್ತು ತಾಳ ತೋರಿಸುವ ಒಂದು ಕೈ, ಅಷ್ಟೇ. ದಾವಣಗೆರೆಯಲ್ಲಿ ಈ ಮಾತು ಎತ್ತಿದಾಗ ಸಂಗೀತ ಮೇಷ್ಟ್ರುಗಳಲ್ಲೇ ಹೆಚ್ಚಿನವರು ಅಂದಿದ್ದು ಒಂದೇ: ಟ್ರ್ಯಾಕ್ ಇಲ್ಲದಿದ್ದರೆ ಮೂರು ನಿಮಿಷ ದಾಟುತ್ತೆ, ಶ್ರುತಿ ಪಾತಾಳಕ್ಕೆ ಇಳಿಯುತ್ತೆ. ಈಗ 2 ನಿಮಿಷ 28 ಸೆಕೆಂಡಿನಿಂದ 2 ನಿಮಿಷ 32ರೊಳಗೆ ಮುಗಿಯುತ್ತಿದೆ, ಶ್ರುತಿ ಅರ್ಧ ಸ್ವರವೂ ಜಾರುತ್ತಿಲ್ಲ. ಟ್ರ್ಯಾಕ್ ಹಾಕಿ ಹಾಡಿಸಿದ ತಂಡಗಳಿಗಿಂತ ಮಾತು ಸ್ಪಷ್ಟವಾಗಿ ಕೇಳುತ್ತದೆ ಅಂತ ನಾನೇ ಹೇಳಿಕೊಳ್ಳಬೇಕಿಲ್ಲ, ಮೈಕ್‌ಸೆಟ್ಟಿನವರೇ ಹೇಳುತ್ತಾರೆ.

ಹಾಡಿನ ಹಿನ್ನೆಲೆ ನಿಮಗೆಲ್ಲ ಗೊತ್ತಿರುವುದೇ. ಕುವೆಂಪು ಅವರ ಕವನ 1930ರ ‘ಕೊಳಲು’ ಸಂಕಲನದ್ದು, ನಾಡಗೀತೆ ಆಗಿದ್ದು 2004ರ ಜನವರಿಯಲ್ಲಿ. ಅಲ್ಲಿಂದ ಮುಂದೆ ಹದಿನೆಂಟು ವರ್ಷ ಧಾಟಿಯ ಜಗಳ: ಮೈಸೂರು ಅನಂತಸ್ವಾಮಿ ಅವರದ್ದೋ, ಸಿ. ಅಶ್ವತ್ಥ್ ಅವರದ್ದೋ. 2022ರ ಸೆಪ್ಟೆಂಬರಿನ ಸರ್ಕಾರಿ ಆದೇಶ ಅನಂತಸ್ವಾಮಿ ಅವರ ಧಾಟಿ, ಪೂರ್ಣ ಪಠ್ಯ, 2 ನಿಮಿಷ 30 ಸೆಕೆಂಡು, ಆಲಾಪ ಮತ್ತು ಪುನರಾವರ್ತನೆ ಇಲ್ಲ ಎಂದು ಗೆರೆ ಎಳೆಯಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಕಾಗದದ ಮೇಲೆ ಅಲ್ಲಿಗೆ ಮುಗಿಯಿತು. ಮಕ್ಕಳ ಬಾಯಲ್ಲಿ ಮುಗಿದಿಲ್ಲ, ನಮ್ಮ ತೊಂದರೆ ಶುರುವಾಗುವುದೇ ಅಲ್ಲಿಂದ. ಒಂದು ಶಾಲೆಯವರು ಹಳೇ ಕ್ಯಾಸೆಟ್ಟಿನ ಧಾಟಿ ತಂದಿರುತ್ತಾರೆ, ಇನ್ನೊಂದು ಶಾಲೆಗೆ ಅಶ್ವತ್ಥ್ ಧಾಟಿ ರೂಢಿ, ಮೂರನೆಯವರು ಮೊಬೈಲಿನಲ್ಲಿ ಗಿಟಾರು, ಡ್ರಮ್ಸು ಹಾಕಿದ ಯಾವುದೋ ಆವೃತ್ತಿ ನೋಡಿ ಪಲ್ಲವಿಯನ್ನು ಎರಡೆರಡು ಸಲ ಹಾಡುತ್ತಾರೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದ ದಿನ ಒಂದೇ ಸಾಲಿನೊಳಗೆ ಮೂರು ಧಾಟಿ ಗುದ್ದಾಡುತ್ತವೆ.

ಅದಕ್ಕೇ ಮೊದಲ ವಾರ ನಾನು ರಾಗವನ್ನೇ ಮುಟ್ಟುವುದಿಲ್ಲ. ಬರೀ ಮಾತು, ಲಯಕ್ಕೆ ಕಟ್ಟಿ ಹೇಳಿಸುವುದು. ಹಳೇ ಧಾಟಿ ನಾಲಿಗೆಯ ಮೇಲೆ ಕೂತಿರುವುದು ಮಾತಿನ ಜೊತೆಗೆ. ಮಾತನ್ನು ರಾಗದಿಂದ ಬಿಡಿಸಿ ಒಂದು ವಾರ ಒಣದಾಗಿ ಹೇಳಿಸಿದರೆ ಅರ್ಧ ಗೋಜಲು ಕಳೆಯುತ್ತದೆ. ಎರಡೂ ಧಾಟಿಯನ್ನು ಒಂದೇ ವರ್ಷ ಕಲಿಸುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅಶ್ವತ್ಥ್ ಅವರ ಧಾಟಿಯೂ ಚೆಂದವೇ, ಬೇರೆ ಕಾರ್ಯಕ್ರಮಕ್ಕೆ ಬೇರೆ ಮಕ್ಕಳಿಂದ ಹಾಡಿಸಿ. ಅದೇ ಮಕ್ಕಳಿಗೆ ಎರಡನ್ನೂ ಕೊಟ್ಟರೆ ಎರಡನೇ ಚರಣದಲ್ಲಿ ಖಂಡಿತ ಜಾರುತ್ತಾರೆ.

ಈಗ ಹೊತ್ತಿನ ಲೆಕ್ಕ. ಪಲ್ಲವಿ ಒಂದು, ಚರಣ ಐದು. ನಾನು ಎಣಿಸುವ ರೀತಿಯಲ್ಲಿ ಸಾಲುಗಳು ಮೂವತ್ತಾರರ ಸುತ್ತಮುತ್ತ, ಅಂದರೆ ಸಾಲಿಗೆ ನಾಲ್ಕು ಸೆಕೆಂಡು ಚಿಲ್ಲರೆ. ಗಿಡ್ಡ ಸಾಲುಗಳು ಉಳಿಸಿಕೊಟ್ಟ ಹೊತ್ತನ್ನು ‘ಜಯಹೇ’ ತಿಂದುಹಾಕುತ್ತದೆ, ಒಟ್ಟು ಸರಿಹೋಗುತ್ತದೆ. ಪಲ್ಲವಿ 17ನೇ ಸೆಕೆಂಡಿಗೆ ಮುಗಿಯಬೇಕು, ‘ಭೂದೇವಿಯ’ ಚರಣ 33ಕ್ಕೆ, ‘ಜನನಿಯ ಜೋಗುಳ’ 58ಕ್ಕೆ, ‘ಶಂಕರ’ 1 ನಿಮಿಷ 32ಕ್ಕೆ, ‘ತೈಲಪ’ 1 ನಿಮಿಷ 57ಕ್ಕೆ. ಉಳಿದದ್ದು ಕೊನೆಯ ಚರಣಕ್ಕೆ. ಒಂದೆರಡು ಸೆಕೆಂಡು ಆಚೀಚೆ ಆದರೂ ಪರವಾಗಿಲ್ಲ. ಆದರೆ ‘ಶಂಕರ’ 1 ನಿಮಿಷ 36 ದಾಟಿತು ಅಂದರೆ ಮುಂದೆ ಎಷ್ಟು ಓಡಿಸಿದರೂ ಕೂಡುವುದಿಲ್ಲ. ಸ್ಟಾಪ್‌ವಾಚ್ ಹಿಡಿದವರು ಪೂರ್ತಿ ಹಾಡಿನ ಹೊತ್ತು ಮಾತ್ರ ಬರೆದುಕೊಂಡರೆ ಪ್ರಯೋಜನವಿಲ್ಲ, ಈ ಐದು ಗಡಿಗಳಲ್ಲಿ ಬರೆದುಕೊಳ್ಳಬೇಕು.

ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ. ಹಾಡು 2 ನಿಮಿಷ 50ಕ್ಕೆ ಮುಗಿದರೆ ಮೇಷ್ಟ್ರು ಮಾಡುವ ಮೊದಲ ಕೆಲಸ ಲಯ ಏರಿಸುವುದು. ಏರಿಸಿದರೆ ಮಾತು ಕಲಸಿಹೋಗುತ್ತದೆ, ಮಕ್ಕಳು ಏದುಸಿರು ಬಿಡುತ್ತಾರೆ, ಆದರೂ 2 ನಿಮಿಷ 40ರ ಕೆಳಗೆ ಬರುವುದಿಲ್ಲ. ಯಾಕೆಂದರೆ ಹೊತ್ತು ಪೋಲಾಗುತ್ತಿರುವುದು ಸಾಲಿನೊಳಗಲ್ಲ, ಸಾಲಿನ ಕೊನೆಯಲ್ಲಿ. ಪ್ರತಿ ಸಾಲಿನ ತುದಿಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಉಸಿರು ತೆಗೆಯುತ್ತಾರೆ, ಅರ್ಧ ಸೆಕೆಂಡು ಹೋಗುತ್ತದೆ. ಮೂವತ್ತಾರು ಸಾಲಿಗೆ ಹದಿನೆಂಟು ಸೆಕೆಂಡು. ಲಯವನ್ನು ಮುಟ್ಟದೆ ಉಸಿರನ್ನು ಸರಿಮಾಡಿ, ಹಾಡು ತಾನೇ ಎರಡೂವರೆಗೆ ಬಂದು ನಿಲ್ಲುತ್ತದೆ.

ಸರಿಮಾಡುವುದು ಹೀಗೆ. ಬೆಸ ಸಂಖ್ಯೆಯ ಸಾಲಲ್ಲಿ ನಿಂತ ಮಕ್ಕಳು ಹಾಡಿನ ಮೊದಲನೇ ಸಾಲಿನ ಕೊನೆಗೆ ಉಸಿರು ತೆಗೆಯಬೇಕು, ಸಮ ಸಂಖ್ಯೆಯ ಸಾಲಿನವರು ಎರಡನೆಯದರ ಕೊನೆಗೆ. ಉಸಿರು ತೆಗೆಯುವವರು ಕೊನೆಯ ಅಕ್ಷರವನ್ನು ಬಿಟ್ಟರೂ ಚಿಂತೆಯಿಲ್ಲ, ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಮಾತ್ರ ತಪ್ಪದೆ ಬರಬೇಕು. ಅರ್ಧ ತಂಡ ಯಾವಾಗಲೂ ಹಾಡುತ್ತಲೇ ಇರುವುದರಿಂದ ಕೇಳುವವರಿಗೆ ಎಲ್ಲೂ ಕಡಿತ ಗೊತ್ತಾಗುವುದಿಲ್ಲ. ಕಲಿಸಲು ಎರಡು ವಾರ ಬೇಕಾಗುತ್ತದೆ, ಮೊದಲ ವಾರ ಬರೀ ಎಣಿಕೆ ಹೇಳಿಸಿ. ‘ಶಂಕರ’ ಚರಣದಲ್ಲಿ ಕವಿಗಳ ಹೆಸರು ಒತ್ತೊತ್ತಾಗಿ ಬರುವ ಕಡೆ ಈ ಬೆಸ-ಸಮ ಪದ್ಧತಿ ಸಾಲುವುದಿಲ್ಲ. ಅಲ್ಲಿ ಇನ್ನೊಂದು ಒಳದಾರಿ ಇದೆ. ಅದು ನನ್ನ ಹತ್ತಿರವೇ ಇರಲಿ, ಈ ವರ್ಷವೂ ಸ್ಪರ್ಧೆ ಇದೆ.

ಉಸಿರು ತಪ್ಪಿದ ಕಡೆ ಮಾತೂ ಮುರಿಯುತ್ತದೆ. ‘ಹೊಯ್ಸಳರಾಳಿದ’ ಎಂಬುದು ‘ಹೊಯ್ಸಳ, ರಾಳಿದ’ ಆಗುತ್ತದೆ. ‘ಜೈನರುದ್ಯಾನ’, ‘ವೈಣಿಕರಾರಾಮ’, ‘ಮಧುಸೂದನರವತರಿಸಿದ’ ಎಲ್ಲಕ್ಕೂ ಇದೇ ಗತಿ. ಮೊದಲು ಪದ ಬಿಡಿಸಿ, ‘ಹೊಯ್ಸಳರು ಆಳಿದ’ ಎಂದು ಹೇಳಿಸಿ ಅರ್ಥ ತಿಳಿಸಿ, ಆಮೇಲೆ ಕೂಡಿಸಿ. ಅರ್ಥ ಗೊತ್ತಿದ್ದ ಮಗು ಅಲ್ಲಿ ಉಸಿರು ತೆಗೆಯುವುದೇ ಇಲ್ಲ. ನಮ್ಮ ಕಡೆ ಹಕಾರದ ಕಾಟ ಬೇರೆ: ‘ಹಸುರಿನ ಗಿರಿ’ ಹೋಗಿ ‘ಅಸುರಿನ ಗಿರಿ’ ಆಗುತ್ತದೆ, ‘ಹೊನ್ನಿನ’ ‘ಒನ್ನಿನ’ ಆಗುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಗಾಳಿ ತಾಗುವಂತೆ ಹೇಳಿಸಿ. ‘ಘೋಷ’ಕ್ಕೂ ಅದೇ ಮದ್ದು. ಆದರೆ ಮಹಾಪ್ರಾಣವನ್ನು ಒತ್ತಿ ಒತ್ತಿ ಹೇಳಿಸಿದರೆ ಉಸಿರು ಬೇಗ ಖಾಲಿಯಾಗುತ್ತದೆ, ಹದ ನೋಡಿಕೊಳ್ಳಿ.

ಇನ್ನೊಂದು ಹಳ್ಳ ಎಲ್ಲರಿಗೂ ಗೊತ್ತು. ಚರಣಗಳು ಮುಗಿಯುವ ಸಾಲು ಒಂದೇ ಆದ್ದರಿಂದ ಮುಂದಿನದು ಯಾವುದು ಅಂತ ಮಕ್ಕಳಿಗೆ ತಪ್ಪುತ್ತದೆ. ಎರಡನೆಯದರಿಂದ ನಾಲ್ಕನೆಯದಕ್ಕೆ ನೂರು ಮಕ್ಕಳು ಹಾರಿದರೆ ಮತ್ತೆ ಕೂಡಿಸಲು ಸಾಧ್ಯವಿಲ್ಲ. ಚರಣಗಳನ್ನು ಒಂದು, ಎರಡು ಎಂದು ಕಲಿಸಬೇಡಿ, ಕೊಂಡಿ ಹಾಕಿ ಕಲಿಸಿ: ರಾಘವ ಆದರೆ ಜೋಗುಳ, ಕಪಿಲ ಆದರೆ ಶಂಕರ, ನಾನಕ ಆದರೆ ತೈಲಪ, ಚೈತನ್ಯ ಆದರೆ ಸರ್ವಜನಾಂಗ. ಒಬ್ಬರು ಮೊದಲ ಪದ ಕೂಗಿದರೆ ಉಳಿದವರು ಎರಡನೆಯದನ್ನು ಕೂಗುವ ಆಟ ಆಡಿಸಿದರೆ ಎರಡು ದಿನದಲ್ಲಿ ಗಟ್ಟಿಯಾಗುತ್ತದೆ. ಕಲಿಸುವ ಕ್ರಮವೂ ‘ಶಂಕರ’ದಿಂದಲೇ ಶುರುವಾಗಲಿ. ಕೊನೆಯ ಚರಣ ಎಲ್ಲರಿಗೂ ಬರುತ್ತದೆ, ಅದಕ್ಕೆ ಹೊತ್ತು ಹಾಕುವುದು ದಂಡ.

ಇನ್ನು ಮೈದಾನ. ಶಾಲೆವಾರು ಕವಾಯತಿನ ಸಾಲು ಹಾಕಿ ನಿಲ್ಲಿಸಿದರೆ ತಂಡದ ಆಳ ಮೂವತ್ತೈದು ಮೀಟರ್ ಆಗುತ್ತದೆ, ಸೌಂಡ್ ಬಾಕ್ಸು ಇನ್ನೂ ದೂರ. ಸದ್ದು ಸೆಕೆಂಡಿಗೆ 340 ಮೀಟರಿನ ಆಜುಬಾಜು ಹೋಗುತ್ತದೆ. ಎಪ್ಪತ್ತು ಮೀಟರ್ ಆಚೆಯ ಬಾಕ್ಸಿನ ಸದ್ದು ಕಿವಿಗೆ ಬೀಳುವಾಗ ಸೆಕೆಂಡಿನ ಐದನೇ ಒಂದು ಭಾಗ ತಡ. ನಮ್ಮ ಲಯದಲ್ಲಿ ಒಂದು ಎಣಿಕೆ ಅರ್ಧ ಸೆಕೆಂಡು, ಅಂದರೆ ಅರ್ಧ ಎಣಿಕೆಯ ಹತ್ತಿರ ಹತ್ತಿರ ಹಿಂದೆ ಬಿದ್ದಂತಾಯಿತು. ಹಿಂದಿನವರು ತಡವಾಗಿ ಹಾಡುತ್ತಾರೆ, ಅವರ ದನಿ ಮುಂದಿನವರಿಗೆ ಮತ್ತೂ ತಡವಾಗಿ ಬರುತ್ತದೆ, ಮುಂದಿನವರು ಅವರಿಗಾಗಿ ಕಾಯುತ್ತಾರೆ. ಹೀಗೆ ಲಯ ಕುಸಿಯುತ್ತದೆ. ಟ್ರ್ಯಾಕ್ ಹಾಕಿದಾಗ ಇದು ಇನ್ನೂ ಕೆಟ್ಟದಾಗುತ್ತದೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಕೊನೆಗೆ ಟ್ರ್ಯಾಕ್ ಮುಗಿದ ಮೇಲೂ ಹಿಂದಿನ ಸಾಲುಗಳು ಹಾಡುತ್ತಿರುತ್ತವೆ.

ನಾನು ಹನ್ನೆರಡು ಸಾಲು, ಸಾಲಿಗೆ ಐವತ್ತು ಮಕ್ಕಳನ್ನು ಸ್ವಲ್ಪ ಬಾಗಿದ ಕಮಾನಿನಂತೆ ನಿಲ್ಲಿಸುತ್ತೇನೆ. ಸಾಲಿನ ನಡುವೆ ಮುಕ್ಕಾಲು ಮೀಟರ್, ಆಗ ಆಳ ಒಂಬತ್ತು ಮೀಟರಿಗೆ ಇಳಿಯುತ್ತದೆ. ಗುರುತಿಗೆ ಸುಣ್ಣದ ಪುಡಿ ಎರಡು ಚೀಲ ಸಾಕು. ಶಾಲೆಗಳನ್ನು ಬೆರೆಸಿ ನಿಲ್ಲಿಸಿ, ಇಲ್ಲದಿದ್ದರೆ ಹಳೇ ಧಾಟಿಯವರೆಲ್ಲ ಒಂದೇ ಮೂಲೆಯಲ್ಲಿ ಸೇರಿ ಮತ್ತೆ ಅದನ್ನೇ ಹಿಡಿಯುತ್ತಾರೆ. ಹತ್ತು ಮಕ್ಕಳಿಗೆ ಒಬ್ಬ ಮುಂದಾಳು ಇರಲಿ. ಅವರ ತಾಲೀಮು ಪ್ರತ್ಯೇಕವಾಗಿ, ಹೆಚ್ಚಾಗಿ ನಡೆಯಬೇಕು. ತಾಳ ತೋರಿಸುವವರು ಗಟ್ಟಿ ಮೇಜಿನ ಮೇಲೆ ನಿಂತು ಬಿಳಿ ಕೈಗವಸು ಹಾಕಿಕೊಳ್ಳಲಿ. ಮಕ್ಕಳಿಗೆ ನಿಯಮ ಒಂದೇ: ಕೈ ನೋಡಿ ಹಾಡು, ಬಾಕ್ಸ್ ಕೇಳಿ ಹಾಡಬೇಡ. ದೊಡ್ಡ ಬಾಕ್ಸುಗಳು ಜನರ ಕಡೆಗೆ ಮಾತ್ರ. ಮಕ್ಕಳ ಕಡೆಗೆ ಎರಡು ಮಾನಿಟರ್ (ಹಾಡುವವರಿಗೇ ಕೇಳಿಸುವ ಬಾಕ್ಸು), ಅದರಲ್ಲಿ ತಂಬೂರಿ ಬಿಟ್ಟರೆ ಬೇರೇನೂ ಬೇಡ. ಮೈಕ್ ನಾಲ್ಕು ಸಾಕು. ಮುಂದಿನ ಸಾಲಿನಿಂದ ಒಂದು ಮೀಟರ್ ದೂರ ಇಟ್ಟರೆ ಮೈಕಿನಿಂದ ಮೈಕಿಗೆ ಮೂರು ಮೀಟರ್ ಇರಲಿ, ಹತ್ತಿರ ಬಂದರೆ ದನಿ ಟೊಳ್ಳಾಗುತ್ತದೆ.

ಶ್ರುತಿಯ ವಿಷಯಕ್ಕೆ ಬಂದರೆ, ರೆಕಾರ್ಡಿನ ಶ್ರುತಿಯನ್ನೇ ಹಿಡಿಯಬೇಡಿ, ಅದು ದೊಡ್ಡವರ ಕಂಠದ್ದು. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ, ಕಿರುಚದೆ ಬರುವ ಕಡೆ ಶ್ರುತಿ ಕಟ್ಟಿ. ಎಂಟು, ಒಂಬತ್ತನೇ ತರಗತಿಯ ದನಿ ಒಡೆದ ಹುಡುಗರು ಕೆಳಸ್ಥಾಯಿಯಲ್ಲಿ ಮೆಲ್ಲಗೆ ಹಾಡಲಿ, ಅವರನ್ನು ನಡುಸಾಲುಗಳಲ್ಲಿ ಹರಡಿ. ಒಂದೇ ಕಡೆ ನಿಂತರೆ ಆ ಭಾಗದ ಶ್ರುತಿಯೇ ಇಳಿಯುತ್ತದೆ. ತಂಬೂರಿ ಹಾಡಿನುದ್ದಕ್ಕೂ ನಿಲ್ಲಬಾರದು. ಕರೆಂಟ್ ನಂಬಬೇಡಿ, ಬ್ಯಾಟರಿ ಹಾಕಿಡಿ. ಮೊಬೈಲ್ ತಂಬೂರಿಯನ್ನು ಬ್ಲೂಟೂತ್ ಸ್ಪೀಕರಿಗೆ ಹಾಕಿದರೆ ನಡೆಯುತ್ತದೆ, ಆದರೆ ಬ್ಲೂಟೂತಿನಲ್ಲಿ ತಾಳ ಹಾಕಬೇಡಿ, ಅದೂ ತಡವಾಗಿಯೇ ಕೇಳುತ್ತದೆ. ಆರುನೂರು ಮಕ್ಕಳು ಮೊದಲ ‘ಜಯ’ವನ್ನು ಒಂದೇ ಸ್ವರದಲ್ಲಿ, ಒಂದೇ ಕ್ಷಣಕ್ಕೆ ಎತ್ತುವಂತೆ ಹೇಗೆ ಮಾಡುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಬಂದು ನೋಡಿದವರು ಕಲಿಯಲಿ, ಬರೆದು ಕೊಡುವುದಿಲ್ಲ.

ಡೊಳ್ಳು ಸೇರಿಸಿದ್ದೂ ಉಂಟು. ನಮ್ಮ ನೆಲದ ವಾದ್ಯ, ನೋಡಲು ಭರ್ಜರಿ. ಆದರೆ ಡೊಳ್ಳಿನ ಗುಂಯ್‌ಗುಡುವಿಕೆ ಕಾಂಪೌಂಡಿಗೆ ಬಡಿದು ಹಿಂದಿರುಗಿ ಒಂದು ಎಣಿಕೆ ಎರಡಾಗಿ ಕೇಳುತ್ತದೆ, ವ್ಯಂಜನಗಳು ಮುಳುಗಿಹೋಗುತ್ತವೆ. ಹಾಡಿನ ಮುಂಚೆ ಬಾರಿಸಿ ನಿಲ್ಲಿಸಿದರೆ ಚೆನ್ನ. ಕಂಠ ಹದ ಮಾಡಲು ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ಯನ್ನು ಹಾಡಿಸುತ್ತೇನೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹಾಡು ಅದು, ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಅಲ್ಲಿ ಹಾಡಿದ್ದರು. ಮಕ್ಕಳಿಗೆ ಈ ಸಂಗತಿ ಹೇಳಿದರೆ ಬೆನ್ನು ನೆಟ್ಟಗಾಗುತ್ತದೆ, ಬೆನ್ನು ನೆಟ್ಟಗಾದರೆ ಉಸಿರು ಹಿಡಿತಕ್ಕೆ ಬರುತ್ತದೆ.

ಚಿತ್ರದುರ್ಗದಲ್ಲಿ ಮಾಡುವವರಿಗೆ ಗಾಳಿಯದೇ ಬೇರೆ ಅಧ್ಯಾಯ. ಮೈಕಿಗೆ ದಪ್ಪ ಫೋಮ್ ಟೋಪಿ ಹಾಕಿಸಿ, ಮೈಕ್‌ಸೆಟ್ಟಿನ ಮಿಕ್ಸರಿನಲ್ಲಿ 120 ಹರ್ಟ್ಸ್ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಲು ಹೇಳಿ, ಮಕ್ಕಳ ಬೆನ್ನಿಗೆ ಗಾಳಿ ಬರುವಂತೆ ನಿಲ್ಲಿಸಿ. ಗಾಳಿ ಮುಖಕ್ಕೆ ಬಡಿದರೆ ಗಂಟಲು ಒಣಗುತ್ತದೆ, ದನಿಯೂ ಜನರ ಕಡೆ ಹೋಗುವುದಿಲ್ಲ.

ದುಡ್ಡಿನ ಮಾತು. ಟ್ರ್ಯಾಕ್ ಮಾಡಿಸಲು ಸ್ಟುಡಿಯೋದವರು ಹನ್ನೆರಡರಿಂದ ಹದಿನೈದು ಸಾವಿರ ಕೇಳುತ್ತಾರೆ, ಅದು ಪೂರ್ತಿ ಉಳಿತಾಯ. ನಾಲ್ಕು ದೊಡ್ಡ ಬಾಕ್ಸಿನ ಬಾಡಿಗೆ ಒಂದು ಬೆಳಗಿಗೆ ಹದಿನಾಲ್ಕು ಸಾವಿರದ ತನಕ ಹೋಗುತ್ತಿತ್ತು. ಈಗ ಎರಡು ಬಾಕ್ಸ್, ಎರಡು ಮಾನಿಟರ್, ನಾಲ್ಕು ಮೈಕಿಗೆ ಏಳೆಂಟು ಸಾವಿರ. ಎಲೆಕ್ಟ್ರಾನಿಕ್ ತಂಬೂರಿಗೆ ಮೂರೂವರೆ ಸಾವಿರದ ಆಸುಪಾಸು, ಅದು ಒಂದೇ ಸಲದ ಖರ್ಚು. ನಿಜವಾಗಿ ಜೇಬು ಸುಡುವುದು ಒಟ್ಟು ತಾಲೀಮಿನ ದಿನದ ಬಸ್ ಬಾಡಿಗೆ. ಅದಕ್ಕೇ ಆಗಸ್ಟ್ 15 ಕಳೆದ ಮೇಲೆ ಶಾಲೆಯಲ್ಲೇ ಪ್ರಾರ್ಥನೆ ಮುಗಿದೊಡನೆ ದಿನಕ್ಕೆ ಇಪ್ಪತ್ತೈದು ನಿಮಿಷ ಮಾಡಿಸಿ, ದಸರಾ ರಜೆಯ ನಂತರ ಒಂದೆರಡು ಸಲ ಮಾತ್ರ ಒಟ್ಟು ಸೇರಿಸಿ. ರಜೆ ಮುಗಿಸಿ ಬಂದ ವಾರ ಎಲ್ಲವೂ ಮರೆತುಹೋದಂತೆ ಕಾಣುತ್ತದೆ, ಹೆದರಬೇಡಿ, ನಾಲ್ಕು ದಿನಕ್ಕೆ ಮರಳುತ್ತದೆ. ತಿಂಡಿಗೆ ಮಂಡಕ್ಕಿ ಕೊಡುವುದಾದರೆ ಹಾಡಿದ ಮೇಲೆ ಕೊಡಿ. ಮೊದಲೇ ಕೊಟ್ಟರೆ ಒಣ ಗಂಟಲು, ‘ಶಂಕರ’ ಚರಣದ ಹೊತ್ತಿಗೆ ಕೆಮ್ಮು.

ಮುಖ್ಯ ಅತಿಥಿಗಳು ತಡವಾದರೆ ಮಕ್ಕಳನ್ನು ಕೂರಿಸಿ, ನೀರು ಕುಡಿಸಿ, ತಂಬೂರಿಯನ್ನು ಮಾತ್ರ ನಿಲ್ಲಿಸಬೇಡಿ. ಕೊನೆಯ ‘ಜಯಹೇ’ಯನ್ನು ಎಳೆದು ಮುಗಿಸುವ ಚಟ ಸಿನಿಮಾ ಹಾಡುಗಳಿಂದ ಬಂದದ್ದು, ಅಷ್ಟಕ್ಕೇ ನಾಲ್ಕೈದು ಸೆಕೆಂಡು ಹೋಗುತ್ತದೆ. ಹಿಡಿದ ಲಯದಲ್ಲೇ ಹಾಡಿಸಿ, ಕೈ ಕೆಳಗಿಳಿದ ಕೂಡಲೇ ಎಲ್ಲರೂ ಬಾಯಿ ಮುಚ್ಚುವುದನ್ನು ಹಾಡಿನಷ್ಟೇ ಸಲ ಅಭ್ಯಾಸ ಮಾಡಿಸಿ.